ತೊಂದರೆಯಿಲ್ಲದ ನನ್ನ ಅಕ್ಕನ ಪರವಾಗಿ, ಹದಿನಾಲ್ಕನೇ ಕೊಠಡಿಯ ಯಂತ್ರಕ್ಕೆ

ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯ ಕೊಠಡಿಯಲ್ಲಿ, ಇಡೀ ಕಟ್ಟಡದಲ್ಲಿ ಮತ್ಯಾರಿಗೂ ಸಿಗದ ತಂಪುಗಾಳಿಯ ನಡುವೆ ನೆಲೆಸಿರುವ ಮ್ಯಾಮೊಗ್ರಾಂ ಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಆರೋಗ್ಯ ಈಗ ಪೂರ್ಣವಾಗಿ ಸುಧಾರಿಸಿದೆಯೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಇದು ಮೊದಲ ಸಾಲಿಗೆಂದು ಇಟ್ಟ ಉಪಚಾರದ ಮಾತಲ್ಲ. ಇತ್ತೀಚೆಗೆ ತಾವು ಒಂಬತ್ತು ದಿನ ಅಸ್ವಸ್ಥರಾಗಿದ್ದಾಗ, 'ಬಿಡಿಭಾಗ ಬರಬೇಕಿದೆ, ಸಹಕರಿಸಿ' ಎಂದು ತಮ್ಮ ಬಾಗಿಲಿಗೆ ಅಂಟಿಸಿದ್ದ ಚೀಟಿಯನ್ನು ದಿನವೂ ಕಚೇರಿಗೆ ಹೋಗುವ ಮುಂಚೆ ಬಂದು ಓದಿ, ಸಹಕರಿಸಿ, ಹೋಗುತ್ತಿದ್ದವಳು ನಾನು. ಹತ್ತನೇ ದಿನ ತಾವು ಎದ್ದು ನಿಂತಿರೆಂದು ತಿಳಿದಾಗ ನಮ್ಮ ಮನೆಯಲ್ಲಿ ಆದ ಸಂತೋಷ, ಭಾವನ ಅಣ್ಣ ಹರ್ನಿಯಾ ಆಪರೇಷನ್ ಮುಗಿಸಿ ಮನೆಗೆ ಬಂದಾಗಲೂ ಆಗಿರಲಿಲ್ಲ. ಈ ಮಾತನ್ನು ಅವರು ಓದಿದರೆ ಕ್ಷಮಿಸಬೇಕು.

ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ನನಗೆ ನಲವತ್ನಾಲ್ಕು ವರ್ಷ. ಮಿಕ್ಸರು ಮತ್ತು ಫ್ಯಾನುಗಳನ್ನು ತಯಾರಿಸುವ ಕಂಪನಿಯೊಂದರ ದೂರು ವಿಭಾಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಜನ ನಮಗೆ ಬರೆದ ದೂರುಗಳಿಗೆ ವಿನಯದಿಂದ ಉತ್ತರ ಬರೆಯುವುದು ನನ್ನ ಕೆಲಸ. ಆದ್ದರಿಂದ, ಮನುಷ್ಯರಿಗೆ ಬರೆದ ದೂರು ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಅದನ್ನು ಏನು ಮಾಡಬೇಕೆಂದು ಹೊಸದಾಗಿ ಸೇರಿದವರಿಗೆ ಕಲಿಸಿಕೊಡುವವಳೇ ನಾನು. ಹೀಗಾಗಿ ಬಹಳ ಯೋಚಿಸಿ, ಆಸ್ಪತ್ರೆಯ ಮುಖ್ಯಸ್ಥರನ್ನೂ ಆರೋಗ್ಯ ಇಲಾಖೆಯ ಅಧಿಕಾರಿಗಳನ್ನೂ ಬಿಟ್ಟು, ನೇರವಾಗಿ ತಮಗೇ ಬರೆಯುತ್ತಿದ್ದೇನೆ. ತಾವು ಉತ್ತರ ಬರೆಯುವುದಿಲ್ಲ ಎಂಬ ಒಂದೇ ವಿಷಯದಲ್ಲಿ ತಾವು ಅವರಂತೆಯೇ ಇದ್ದೀರಿ. ಉಳಿದ ಎಲ್ಲ ವಿಷಯಗಳಲ್ಲೂ ತಾವೇ ಮೇಲು.

ಇದು ಮುಖಸ್ತುತಿಯಲ್ಲ. ಆ ಕಟ್ಟಡದಲ್ಲಿ ಕೌಂಟರಿನ ಕಿಟಕಿ ಎಲ್ಲರಿಗೂ ಬಗ್ಗಿ ಮಾತಾಡುವಷ್ಟು ಕೆಳಗಿದೆ, ಔಷಧಿ ಕೊಡುವ ಕಿಟಕಿ ಎಲ್ಲರಿಗೂ ತುದಿಗಾಲಿನಲ್ಲಿ ನಿಲ್ಲುವಷ್ಟು ಮೇಲಿದೆ. ಬಂದವಳ ಎತ್ತರ ನೋಡಿ, ಅದಕ್ಕೆ ಸರಿಯಾಗಿ ತಾನು ಏರುವ ಅಥವಾ ಇಳಿಯುವ ಸೌಜನ್ಯ ಇರುವುದು ತಮಗೊಬ್ಬರಿಗೇ. ಎಡಕ್ಕೂ ಬಲಕ್ಕೂ ತಾವು ಒಂದೇ ಭಾರ ಹಾಕುತ್ತೀರಿ. ಗಂಡನ ಹೆಸರು ಕೇಳುವುದಿಲ್ಲ. ಇಷ್ಟು ತಡವಾಗಿ ಯಾಕೆ ಬಂದಿರೆಂದು ಗದರಿಸುವುದಿಲ್ಲ. ಇಂಥ ತಮ್ಮನ್ನು ತಲುಪುವ ದಾರಿಯ ಬಗ್ಗೆ ಒಂದೆರಡು ಸಣ್ಣ ವಿಷಯಗಳನ್ನು ಗಮನಕ್ಕೆ ತರುವುದಷ್ಟೇ ನನ್ನ ಉದ್ದೇಶ.

ವಿಷಯ ನನ್ನ ಅಕ್ಕನದು. ಅವಳು ನನಗಿಂತ ಎಂಟು ವರ್ಷ ದೊಡ್ಡವಳು. ದೊಡ್ಡದೊಂದು ಲಾಂಡ್ರಿಯ ಇಸ್ತ್ರಿ ವಿಭಾಗದಲ್ಲಿ ದಿನಕ್ಕೆ ಎಂಟು ಗಂಟೆ ನಿಂತು, ಹೋಟೆಲುಗಳಿಂದ ಬರುವ ಹಾಸಿಗೆ ಬಟ್ಟೆ, ಅಂಗಿ, ಕೋಟುಗಳಿಗೆ ಇಸ್ತ್ರಿ ಹಾಕುತ್ತಾಳೆ. ಅವಳ ಬಾಯಿಂದ ಅತಿ ಹೆಚ್ಚು ಬಾರಿ ಬಂದಿರುವ ಮಾತು ಯಾವುದೆಂದು ಮನೆಯಲ್ಲಿ ಯಾರನ್ನು ಕೇಳಿದರೂ 'ತೊಂದರೆ ಏನಿಲ್ಲ' ಎಂದೇ ಹೇಳುತ್ತಾರೆ. ಬಿಸಿ ಹಬೆ ತಾಗಿ ಅಂಗೈಯ ಚರ್ಮ ಎದ್ದು ಬಂದ ದಿನವೂ ಅವಳು 'ತೊಂದರೆ ಏನಿಲ್ಲ, ಸ್ವಲ್ಪ ತಾಗ್ತು' ಎಂದು ಉಳಿದ ನಲವತ್ತು ದಿಂಬಿನ ಚೀಲಗಳನ್ನು ಇನ್ನೊಂದು ಕೈಯಲ್ಲಿ ಮುಗಿಸಿ ಬಂದಿದ್ದಳು. ಇದನ್ನು ನಾವೆಲ್ಲ ಬಹಳ ಕಾಲ ಅವಳ ಗುಣವೆಂದು ಹೊಗಳುತ್ತಿದ್ದೆವು. ಹೊಗಳುವುದರಿಂದ ನಮಗೆ ಅನುಕೂಲವೂ ಇತ್ತು ಎಂಬುದು ನನಗೆ ಹೊಳೆದದ್ದು ಈಚೆಗೆ.

ಇಂಥವಳು ಒಂದು ಭಾನುವಾರ ಫೋನು ಮಾಡಿ, ನನ್ನ ಕೆಮ್ಮಿನ ಬಗ್ಗೆ ವಿಚಾರಿಸಿ, ಬಸ್ ಡ್ರೈವರ್ ಆಗಿರುವ ಭಾವನಿಗೆ ಬೇರೆ ರೂಟು ಹಾಕಿರುವುದನ್ನು ತಿಳಿಸಿ, ಇಡುತ್ತೇನೆಂದು ಹೇಳಿದ ಮೇಲೆ, ಇಡದೆ, "ಆಮೇಲೆ ಇನ್ನೊಂದು. ಏನಿಲ್ಲ ಬಿಡು. ಹೇಳ್ಬೇಕು ಅನ್ನಿಸ್ತು ಅಷ್ಟೆ. ಎಡಗಡೆ ಅಲ್ಲಿ ಒಂದು ಗಂಟಿನ ಥರ ಇದೆ. ನೀನೇನೂ ರಜ ಹಾಕ್ಬೇಡ ಮತ್ತೆ" ಎಂದಳು. ಎಷ್ಟು ದಿನವಾಯಿತೆಂದು ಕೇಳಿದೆ. ಮೂರು ವಾರವಂತೆ. ಮೂರು ವಾರ ಅವಳು ಹೇಳದೇ ಇದ್ದದ್ದು, ಆ ತಿಂಗಳು ನಮ್ಮ ಕಚೇರಿಯಲ್ಲಿ ಲೆಕ್ಕ ತಪಾಸಣೆ ಇತ್ತು ಎಂದು ನಾನು ಹೇಳಿದ್ದರಿಂದ.

ನಾನು ರಜ ಹಾಕಿದೆ, ಅರ್ಧ ದಿನ. ನೆಲಮಹಡಿಯ ಕೌಂಟರಿನಲ್ಲಿ ನಾಲ್ಕು ಪುಟದ ಫಾರ್ಮು ಕೊಟ್ಟರು. ನಮ್ಮ ಮನೆಯಲ್ಲಿ ಇಂಗ್ಲಿಷ್ ಶಾಲೆಗೆ ಹೋದವಳು ನಾನೊಬ್ಬಳೇ. ಆದ್ದರಿಂದ ಮನೆಯಲ್ಲಿ ಯಾರಿಗೆ ಯಾವ ಫಾರ್ಮು ಬಂದರೂ, ಅದು ಕನ್ನಡದಲ್ಲೇ ಇದ್ದರೂ, ತುಂಬುವವಳು ನಾನೇ. ಅಕ್ಷರ ಗುಂಡಗಿರುತ್ತದೆ, ಚೌಕದಿಂದ ಹೊರಗೆ ಹೋಗುವುದಿಲ್ಲ. ಒಂಬತ್ತನೇ ಪ್ರಶ್ನೆ, 'ಪ್ರಸ್ತುತ ತಮಗೆ ಏನಾದರೂ ತೊಂದರೆ ಇದೆಯೇ? ಹೌದು / ಇಲ್ಲ' ಎಂದಿತ್ತು. ನಾನು ಓದಿ ಹೇಳಿದೆ. ಅಕ್ಕ, ಯಾರೋ ನೆಂಟರು ಊಟಕ್ಕೆ ಮುಂಚೆ ಹಸಿವಾಗಿದೆಯಾ ಎಂದು ಕೇಳಿದರೇನೋ ಎಂಬ ಸಂಕೋಚದಲ್ಲಿ, "ಅಯ್ಯೋ, ತೊಂದರೆ ಏನಿಲ್ಲಪ್ಪ. ನೋವೂ ಇಲ್ಲ. ಬರೀ ಗಂಟು ಅಷ್ಟೆ" ಎಂದಳು.

ನಾನು 'ಇಲ್ಲ' ಎಂಬಲ್ಲಿ ಗುರುತು ಹಾಕಿದೆ.

ಗಂಟಿನ ವಿಷಯವನ್ನು ಕೆಳಗೆ ವಿವರವಾಗಿ ಬರೆಯಬಹುದೆಂದುಕೊಂಡಿದ್ದೆ. ಕೆಳಗೆ ನಾಲ್ಕು ಗೆರೆಗಳೇನೋ ಇದ್ದವು. ಆದರೆ ಅವುಗಳ ಮೇಲೆ '"ಹೌದು" ಎಂದವರು ಮಾತ್ರ ತುಂಬಬೇಕು' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ನಾನು ಓದಿದ ಶಾಲೆಯಲ್ಲಿ, ಉತ್ತರ ಸರಿಯಿದ್ದರೂ ಸೂಚನೆ ಪಾಲಿಸದವರಿಗೆ ಅಂಕ ಕಳೆಯುತ್ತಿದ್ದರು. ನಾನು ಸೂಚನೆ ಪಾಲಿಸಿದೆ. ನಾಲ್ಕೂ ಗೆರೆಗಳನ್ನು ಖಾಲಿ ಬಿಟ್ಟೆ. ಕೌಂಟರಿನಾಕೆ ಫಾರ್ಮನ್ನು ತಿರುಗಿಸಿ ನೋಡಿ, ಇಷ್ಟು ನೀಟಾಗಿ ಯಾರೂ ತುಂಬುವುದಿಲ್ಲವೆಂದು ಮೆಚ್ಚಿಕೊಂಡರು. ನನಗೆ ಖುಷಿಯಾಯಿತು ಎಂಬುದನ್ನು ಮುಚ್ಚಿಟ್ಟರೆ ಈ ಪತ್ರಕ್ಕೆ ಅರ್ಥವಿಲ್ಲ.

ಅಕ್ಕನಿಗೆ ಹಸಿರು ಪಟ್ಟಿಯ ಫೈಲು ಸಿಕ್ಕಿತು. ತಮ್ಮ ಭೇಟಿಗೆ ಐದು ತಿಂಗಳ ನಂತರದ ಒಂದು ಗುರುವಾರ, ಬೆಳಿಗ್ಗೆ ಹತ್ತೂವರೆಗೆ ಸಮಯ ಗೊತ್ತಾಯಿತು. ಐದು ತಿಂಗಳು ಎಂದಾಗ ನನಗೆ ಒಂದು ಕ್ಷಣ ಏನೋ ಅನ್ನಿಸಿತು. ಆದರೆ ಅರ್ಜೆಂಟಿದ್ದರೆ ಅವರೇ ಬೇಗ ಕೊಡುತ್ತಿದ್ದರಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ನನಗೆ ಸರದಿಯ ಮೇಲೆ ಒಂದು ರೀತಿಯ ಭಕ್ತಿ. ಪರಿಚಯದವರಿಂದ ಹೇಳಿಸಿ ಒಳಗೆ ನುಗ್ಗುವವರನ್ನು ಕಂಡರೆ ಆಗದು. ಬಸ್ಸಿನಲ್ಲಿ ಮನೆಗೆ ಬರುವಾಗ, ನಾವು ಯಾರ ಪ್ರಭಾವವನ್ನೂ ಬಳಸಲಿಲ್ಲ ಎಂದು ಅಕ್ಕನಿಗೆ ಹೇಳಿದ್ದು ನೆನಪಿದೆ. ಅವಳು "ಹೌದು, ಪಾಪ, ನಮಗಿಂತ ಕಷ್ಟದವರು ಇರ್ತಾರೆ" ಎಂದಳು.

ಹೀಗೆ ಏಳು ವಾರ ಕಳೆಯಿತು. ಈ ಏಳು ವಾರಗಳಲ್ಲಿ ತಮ್ಮಿಂದ ಯಾವ ಲೋಪವೂ ಆಗಿಲ್ಲ. ಇಸ್ತ್ರಿ ವಿಭಾಗದಲ್ಲಿ ಇರುವವರು ಎಲ್ಲವನ್ನೂ ಬಟ್ಟೆಯ ಲೆಕ್ಕದಲ್ಲೇ ಅಳೆಯುತ್ತಾರೆಂದು ಕಾಣುತ್ತದೆ. ಎಂಟನೇ ವಾರದಲ್ಲಿ ಒಂದು ದಿನ ಅಕ್ಕ ಒಣಗಿದ ಬಟ್ಟೆ ಮಡಿಸುತ್ತಾ, "ಮೊದಲು ಶರ್ಟಿನ ಗುಂಡಿಯಷ್ಟಿತ್ತು ಕಣೆ, ಈಗ ಕೋಟಿನ ಗುಂಡಿಯಷ್ಟಾಗಿದೆ. ತೊಂದರೆ ಏನಿಲ್ಲ" ಎಂದಳು.

ಮರುದಿನ ಬೆಳಿಗ್ಗೆ ನಾನು ಕೌಂಟರಿನ ಮುಂದೆ ಬಗ್ಗಿ ನಿಂತಿದ್ದೆ. ಆಗ ತಿಳಿಯಿತು, ಆಸ್ಪತ್ರೆಯಲ್ಲಿ ಕೆಂಪು ಪಟ್ಟಿಯ ಫೈಲೂ ಇದೆ ಎಂದು. ಒಂಬತ್ತನೇ ಪ್ರಶ್ನೆಗೆ ಹೌದು ಎಂದವರದು ಅದು. ಅವರಿಗೆ ತಮ್ಮ ದರ್ಶನ ಒಂದು ವಾರದೊಳಗೆ. ಏನೂ ಇಲ್ಲದವರು ಮುಂಜಾಗ್ರತೆಗಾಗಿ ಮಾಡಿಸಿಕೊಳ್ಳುವ ತಪಾಸಣೆಗೆ ಹಸಿರು, ಅವರು ಕಾಯಬಹುದು. ವ್ಯವಸ್ಥೆಯಲ್ಲಿ ಯಾವ ತಪ್ಪೂ ಇಲ್ಲ. ನಾನೇ ಇದ್ದಿದ್ದರೂ ಹೀಗೆಯೇ ಮಾಡುತ್ತಿದ್ದೆ. ಹಾಗಾದರೆ ನಮ್ಮದನ್ನು ಹಸಿರಿನಿಂದ ಕೆಂಪಿಗೆ ಬದಲಾಯಿಸಿ ಎಂದೆ. ಅದಕ್ಕೆ ಈ ಆಸ್ಪತ್ರೆಯ ಸರ್ಜನ್ನರ ಪತ್ರ ಬೇಕು ಎಂದರು. ಸರ್ಜನ್ನರ ಕೊಠಡಿಯಲ್ಲಿ, ಮ್ಯಾಮೊಗ್ರಾಂ ಚಿತ್ರ ಇಲ್ಲದೆ ಅವರು ಯಾರನ್ನೂ ನೋಡುವುದಿಲ್ಲ ಎಂದರು. ಚಿತ್ರ ತೆಗೆಯುವವರು ತಾವು. ತಾವು ಗೊತ್ತಾದ ದಿನಕ್ಕೆ ಮುಂಚೆ ಯಾರನ್ನೂ ನೋಡುವುದಿಲ್ಲ. ದಿನ ಗೊತ್ತು ಮಾಡುವವರು ಕೌಂಟರಿನವರು. ಈ ವೃತ್ತವನ್ನು ನಾನು ಅಂದು ಮೆಟ್ಟಿಲುಗಳ ಮೂಲಕ ಮೂರು ಬಾರಿ ಸುತ್ತಿದೆ. ಪ್ರತಿ ಸುತ್ತಿನಲ್ಲೂ ತಮ್ಮ ಮಹಡಿಯ ಗೋಡೆಯ ಮೇಲೆ, 'ಗಂಟು ಕಂಡರೆ ತಡಮಾಡಬೇಡಿ' ಎಂಬ ದೊಡ್ಡ ಭಿತ್ತಿಪತ್ರದಲ್ಲಿ ನಗುತ್ತಿರುವ ಹೆಂಗಸನ್ನು ದಾಟಿದೆ. ಆ ಭಿತ್ತಿಪತ್ರವನ್ನು ಕೆಳಗೆ ಫಾರ್ಮು ಕೊಡುವ ಕಡೆ ಹಚ್ಚದೆ, ದಿನ ಗೊತ್ತಾಗಿ ಮೇಲೆ ಬಂದವರಿಗೆ ಮಾತ್ರ ಕಾಣುವಂತೆ ಹಚ್ಚಿದವರ ದೂರದೃಷ್ಟಿಗೆ ನನ್ನ ನಮಸ್ಕಾರ ತಿಳಿಸಿ.

ಸಂಜೆ ಭಾವನಿಗೆ ಹಸಿರು, ಕೆಂಪು ಎಲ್ಲವನ್ನೂ ವಿವರಿಸಿದೆ. ಅವರು, "ಅಲ್ಲ, ಬಸ್ಸಿಗೆ ಏನೂ ಆಗದೇ ಇದ್ರೂ ವರ್ಷಕ್ಕೊಂದು ಸಲ ತಪಾಸಣೆಗೆ ಬಿಡ್ತೀವಿ. ಇವಳನ್ನ ಐವತ್ತೆರಡು ವರ್ಷ ಹಂಗೇ ಓಡಿಸಿದ್ವಲ್ಲ" ಎಂದರು. ಅಕ್ಕ ಅಡುಗೆಮನೆಯಿಂದ, "ನಾನೇನ್ ಬಸ್ಸಾ? ಸುಮ್ನೆ ಊಟಕ್ಕೆ ಬನ್ನಿ" ಎಂದಳು. ನಾವು ಮೂವರೂ ನಕ್ಕೆವು. ಭಾವನ ತಟ್ಟೆಯಲ್ಲಿ ಅನ್ನ ಹಾಗೆಯೇ ಉಳಿದಿತ್ತು.

ಎರಡು ದಿನದ ನಂತರ ಅಕ್ಕನನ್ನು ಜೊತೆಯಲ್ಲಿ ಕರೆದುಕೊಂಡು ಮತ್ತೆ ಬಂದೆ. ಕಚೇರಿಯಲ್ಲಿ ಕೂತು, ನಿಯಮಗಳನ್ನು ಉಲ್ಲೇಖಿಸಿ, ಒಂದೂವರೆ ಪುಟದ ಮನವಿಯನ್ನು ಟೈಪು ಮಾಡಿ ತಂದಿದ್ದೆ. ಕೌಂಟರಿನಾಕೆ ಅದನ್ನು ಓದಲಿಲ್ಲ. ಅಕ್ಕನ ಮುಖ ನೋಡಿದರು, ಹಿಂದಿನ ಸಾಲನ್ನು ನೋಡಿದರು, ಆಮೇಲೆ ಮೇಜಿನ ಕೆಳಗಿನಿಂದ ಹೊಸದೊಂದು ಖಾಲಿ ಫಾರ್ಮು ತೆಗೆದರು. "ತುಂಬಿದ ಫಾರ್ಮು ತಿದ್ದೋಕೆ ನಂಗೆ ಅಧಿಕಾರ ಇಲ್ಲ. ಹೊಸಬರು ಬಂದ್ರೆ ಬರ್ಕೊಳ್ಳೋಕೆ ಇದೆ. ನೀವು ಇವತ್ತೇ ಮೊದಲ್ನೇ ಸಲ ಬಂದಿದ್ದೀರಿ, ಅಲ್ವಾ ಅಕ್ಕ?" ಎಂದರು. ನಾನು ಅಭ್ಯಾಸದಂತೆ ಪೆನ್ನಿಗೆ ಕೈ ಹಾಕಿದೆ. "ನೀವು ಸುಮ್ನಿರಿ ಮೇಡಂ. ನೀವು ತುಂಬಿದ್ದಕ್ಕೇ ಇಷ್ಟಾಗಿದ್ದು" ಎಂದು ಫಾರ್ಮನ್ನು ತಮ್ಮ ಕಡೆ ಎಳೆದುಕೊಂಡರು.

ಒಂಬತ್ತನೇ ಪ್ರಶ್ನೆ ಬಂತು. ಅಕ್ಕ, "ಹಾಗೆ ನೋಡಿದ್ರೆ ಅಂಥದ್ದೇನಿಲ್ಲ…" ಎಂದು ಶುರು ಮಾಡಿದಳು. ಕೌಂಟರಿನಾಕೆ ಪೆನ್ನು ಕೆಳಗಿಟ್ಟು, "ಅಂಥದ್ದೇನಿಲ್ಲ ಅಂದ್ರೆ ಮನೆಗೆ ಹೋಗಿ ಅಕ್ಕ. ಹಿಂದೆ ಮೂವತ್ತು ಜನ ನಿಂತಿದ್ದಾರೆ" ಎಂದರು. ಅಕ್ಕ ನನ್ನ ಕಡೆ ನೋಡಿದಳು. ನಾನು ಏನಾದರೂ ಬರೆದುಕೊಡಬಹುದಿತ್ತು, ಆದರೆ ಪೆನ್ನು ನನ್ನ ಕೈಯಲ್ಲಿರಲಿಲ್ಲ. ಆಗ ಅವಳು, ಮೂವತ್ತು ಜನಕ್ಕೂ ಕೇಳುವಂತೆ, "ಎದೆಯಲ್ಲಿ ಗಂಟಿದೆ. ದೊಡ್ಡದಾಗ್ತಿದೆ. ರಾತ್ರಿ ಕೈ ಅಲ್ಲೇ ಹೋಗುತ್ತೆ. ನಂಗೆ ತುಂಬಾ ಹೆದರಿಕೆ ಆಗ್ತಿದೆ" ಎಂದಳು.

ನಲವತ್ನಾಲ್ಕು ವರ್ಷದಲ್ಲಿ ಅವಳಿಗೆ ಹೆದರಿಕೆಯಾಗುತ್ತದೆಂದು ನಾನು ಕೇಳಿದ್ದು ಅದೇ ಮೊದಲು. ಕೌಂಟರಿನಾಕೆ ನಾಲ್ಕೂ ಗೆರೆಗಳಲ್ಲಿ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದರು. ಕೊನೆಯ ಮಾತಿಗೆ ಜಾಗ ಸಾಲದೆ ಅಂಚಿನಲ್ಲಿ ಬರೆದರು.

ಕಂಪ್ಯೂಟರು ಒಬ್ಬಳೇ ಅಕ್ಕನನ್ನು ಎರಡು ಬಾರಿ ಸ್ವೀಕರಿಸಲು ಒಪ್ಪಲಿಲ್ಲ. ಆದ್ದರಿಂದ ಅವಳ ಹುಟ್ಟಿದ ವರ್ಷವನ್ನು ಒಂದು ವರ್ಷ ಮುಂದೆ ಹಾಕಿ, ಫೋನ್ ನಂಬರಿನ ಜಾಗದಲ್ಲಿ ನನ್ನದನ್ನು ಕೊಟ್ಟು ಕೆಂಪು ಪಟ್ಟಿಯ ಫೈಲು ತೆರೆಯಲಾಯಿತು. ಆಸ್ಪತ್ರೆಗೆ ಹೋಗಿ ವಯಸ್ಸು ಕಡಿಮೆ ಮಾಡಿಕೊಂಡು ಬಂದವಳು ಇವಳೊಬ್ಬಳೇ ಎಂದು ಭಾವ ಈಗಲೂ ರೇಗಿಸುತ್ತಾರೆ. ಈ ಅಂಶವನ್ನು ಬಹಿರಂಗ ಪತ್ರದಲ್ಲಿ ಬರೆಯಬಾರದಿತ್ತೇನೋ. ಆದರೆ ಬಹಿರಂಗವಾಗಿ ಬರೆದದ್ದನ್ನು ಸಂಬಂಧಪಟ್ಟವರು ಯಾರೂ ಓದುವುದಿಲ್ಲ ಎಂಬುದು ನನ್ನ ಹತ್ತೊಂಬತ್ತು ವರ್ಷದ ಅನುಭವ.

ಆ ವಾರವೇ ತಾವು ಅಸ್ವಸ್ಥರಾದಿರಿ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಯಾರಿಗೆ ಬೇಕಾದರೂ ಆಗುತ್ತದೆ. ಕೊನೆಗೆ ಹತ್ತನೇ ದಿನ ಅಕ್ಕ ತಮ್ಮ ಎದುರು ನಿಂತಳು. ಹೊರಗೆ ಬಂದವಳನ್ನು ಹೇಗಿತ್ತೆಂದು ಕೇಳಿದಾಗ, "ಪಾಪ, ಅದು ಚೆನ್ನಾಗೇ ನಡ್ಕೊಂಡ್ತು. ಒತ್ತುತ್ತೆ, ಆದ್ರೆ ತಕ್ಷಣ ಬಿಡುತ್ತೆ" ಎಂದು ತಮ್ಮ ಬಗ್ಗೆ ಒಳ್ಳೆಯ ಮಾತನ್ನೇ ಆಡಿದಳು. ನಂತರ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಕ್ಯಾನ್ಸರ್, ಎರಡನೇ ಹಂತ.

ಸರ್ಜನ್ನರು ಒಳ್ಳೆಯವರು. ಗುಣವಾಗುವ ಕಾಯಿಲೆಯೆಂದು ಹೇಳಿ, ಆಪರೇಷನ್ನು, ಆಮೇಲಿನ ಕಿಮೋ ಎಲ್ಲವನ್ನೂ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಕೊನೆಯಲ್ಲಿ, ಎರಡು ತಿಂಗಳು ಮುಂಚೆ ಬಂದಿದ್ದರೆ ಬಹುಶಃ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲ, ಯಾಕೆ ತಡ ಮಾಡಿದಿರಿ ಎಂದು ಕೇಳಿದರು. ನಾನು ಬಾಯಿ ತೆರೆದೆ. ಒಂಬತ್ತನೇ ಪ್ರಶ್ನೆ, ದಪ್ಪ ಅಕ್ಷರ, ಹಸಿರು ಪಟ್ಟಿ, ಎಲ್ಲವನ್ನೂ ಕ್ರಮವಾಗಿ ಹೇಳಲು ಸಿದ್ಧಳಾಗಿದ್ದೆ. ಅಷ್ಟರಲ್ಲಿ ಅಕ್ಕ, "ನಂದೇ ತಪ್ಪು ಡಾಕ್ಟ್ರೇ. ಮನೇಲಿ ಕೆಲಸ ಇತ್ತು, ಅದಕ್ಕೇ ಬರೋಕಾಗ್ಲಿಲ್ಲ" ಎಂದುಬಿಟ್ಟಳು. ಅವರು 'ರೋಗಿಯ ಕಡೆಯಿಂದ ವಿಳಂಬ' ಎಂದು ಬರೆದುಕೊಂಡರು. ನಾನು ಬಾಯಿ ಮುಚ್ಚಿದೆ. ಯಾಕೆ ಮುಚ್ಚಿದೆ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ನಮ್ಮ ಕಚೇರಿಯಿಂದ ಹೋಗುವ ಪತ್ರಗಳಲ್ಲಿ 'ಬಳಕೆದಾರರ ಕಡೆಯಿಂದ ವಿಳಂಬ' ಎಂಬ ಸಾಲನ್ನು ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಸಾಲಿನ ಹಿಂದೆ ಯಾರ ಮುಖವೂ ಇರುತ್ತಿರಲಿಲ್ಲ.

ಈಗ ನನ್ನ ವಿನಂತಿಗಳು. ಮೊದಲನೆಯದಾಗಿ, ತಾವು ಇಷ್ಟು ಸಲೀಸಾಗಿ ಏರುವುದನ್ನೂ ಇಳಿಯುವುದನ್ನೂ ಬಲ್ಲವರಾದ್ದರಿಂದ, ದಯವಿಟ್ಟು ಇನ್ನೂ ಎರಡು ಮಹಡಿ ಇಳಿದು ಕೌಂಟರಿನ ಪಕ್ಕದಲ್ಲಿ ನಿಲ್ಲುವ ಕೃಪೆ ಮಾಡಬೇಕು. ಅದು ಸಾಧ್ಯವಾಗದಿದ್ದರೆ, ಫಾರ್ಮು ಹಿಡಿದು ಬರುವ ಹೆಂಗಸರನ್ನು, ಅವರು ಕೆಲಸ ಬಿಟ್ಟು, ರಜ ಕೇಳಿ, ಬಸ್ಸು ಹತ್ತಿ ಬರುವ ಮುನ್ನವೇ ಅವರವರು ನಿಂತ ಜಾಗದಲ್ಲೇ, ಇಸ್ತ್ರಿ ಮೇಜಿನ ಮುಂದೆ, ಒಲೆಯ ಮುಂದೆ, ದೂರದಿಂದಲೇ ಒಂದು ಸಲ ನೋಡಿಬಿಡಬೇಕು. ಮತ್ತು ಒಂಬತ್ತನೇ ಪ್ರಶ್ನೆಯನ್ನು ದಯವಿಟ್ಟು ತಾವೇ ಕೇಳಬೇಕು. ತಾವು ಕೇಳಿದರೆ ಯಾರೂ ಸಂಕೋಚದಿಂದ ಉತ್ತರಿಸುವುದಿಲ್ಲ. ತಮ್ಮ ಮುಂದೆ ನಿಂತಾಗ ಬಾಯಿ ಏನು ಹೇಳುತ್ತದೆ ಎಂಬುದಕ್ಕೆ ಬೆಲೆಯೇ ಇರುವುದಿಲ್ಲ.

ಕೊನೆಯ ವಿನಂತಿ ಇದು. ದಾಖಲೆಗಳ ಪ್ರಕಾರ ಈಗ ನನಗೆ ಇಬ್ಬರು ಅಕ್ಕಂದಿರು. ಐವತ್ತೊಂದು ವರ್ಷದವಳಿಗೆ ನಿನ್ನೆ ಆಪರೇಷನ್ ಆಯಿತು. ಎಚ್ಚರವಾದ ಮೇಲೆ ಅವಳು ಮೊದಲು ಕೇಳಿದ್ದು ನಾನು ಏನಾದರೂ ತಿಂದೆನೇ ಎಂದು, ಎರಡನೆಯದಾಗಿ ಹೇಳಿದ್ದು ತುಂಬಾ ನೋಯುತ್ತಿದೆ ಎಂದು. ಎರಡನೆಯ ಮಾತು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ನರ್ಸು ನನ್ನನ್ನು ವಿಚಿತ್ರವಾಗಿ ನೋಡಿದರು. ಐವತ್ತೆರಡು ವರ್ಷದ ಇನ್ನೊಬ್ಬಳಿಗೆ ಮಾತ್ರ ಯಾವ ತೊಂದರೆಯೂ ಇಲ್ಲ. ಅವಳ ನಾಲ್ಕು ಗೆರೆಗಳು ಇಂದಿಗೂ ಖಾಲಿಯಿವೆ, ನನ್ನ ಗುಂಡಗಿನ ಅಕ್ಷರದಲ್ಲಿ. ಮುಂದಿನ ತಿಂಗಳ ಗುರುವಾರ ಹತ್ತೂವರೆಗೆ ಅವಳು ತಮ್ಮಲ್ಲಿಗೆ ಬರಬೇಕು. ಅವಳು ಬರುವುದಿಲ್ಲ. ಗೈರುಹಾಜರಿ ಎಂದು ಅವಳ ಫೈಲನ್ನು ಮುಚ್ಚುತ್ತಾರೆಂದು ನನಗೆ ಗೊತ್ತು. ಆದರೆ ಮಾನ್ಯರೇ, ತಮಗೆ ಸಾಧ್ಯವಾದರೆ ಆ ದಿನ ಹತ್ತೂವರೆಗೆ ಒಂದೈದು ನಿಮಿಷ ಅವಳ ಎತ್ತರಕ್ಕೆ ಇಳಿದು ನಿಂತು, ಯಾರೂ ಇಲ್ಲದ ಆ ಜಾಗದ ಒಂದು ಚಿತ್ರ ತೆಗೆದುಕೊಡಿ. ಅದರಲ್ಲಿ ಏನೂ ಕಾಣುವುದಿಲ್ಲ. ಅಂಥದ್ದೊಂದು ಚಿತ್ರ ನನ್ನ ಹತ್ತಿರ ಇರಲಿ ಎಂದು ಆಸೆ.

ಇಷ್ಟನ್ನು ಓದಲು ತಾವು ತೆಗೆದುಕೊಳ್ಳದ ಶ್ರಮಕ್ಕೆ ಕೃತಜ್ಞಳಾಗಿ,

ತಮ್ಮ ವಿಶ್ವಾಸಿ,
ಚೌಕದಿಂದ ಹೊರಗೆ ಬರೆಯದ ತಂಗಿ

ವಿ.ಸೂ.: ಅಕ್ಕನ ಇಸ್ತ್ರಿ ವಿಭಾಗದಿಂದ ಐದು ಮಂದಿ ಹೆಂಗಸರು ಬರುವ ಸೋಮವಾರ ರಜ ಹಾಕಿ ತಮ್ಮನ್ನು ನೋಡಲು ಬರುತ್ತಿದ್ದಾರೆ. ನಾನು ಅವರೊಂದಿಗೆ ಬರುತ್ತಿಲ್ಲ, ಫಾರ್ಮುಗಳನ್ನು ಅವರೇ ತುಂಬುತ್ತಾರೆ. ಆಸ್ಪತ್ರೆಯ ಸಿಬ್ಬಂದಿಗೆ ದಯವಿಟ್ಟು ಮುಂಚಿತವಾಗಿ ತಿಳಿಸಿರಿ: ಇವರಲ್ಲಿ ಒಬ್ಬರಿಗೂ ಸಂಕೋಚವೆಂಬುದಿಲ್ಲ, ನಾನು ಲಾಂಡ್ರಿಗೇ ಹೋಗಿ ವಿಚಾರಿಸಿಕೊಂಡು ಬಂದಿದ್ದೇನೆ.